ಭರಪಾಯಿ ಕೊಟ್ಟ ಹಾದಿ

ದ್ವಾರಕಾ, ನವದೆಹಲಿ
13 ಫೆಬ್ರುವರಿ 2005

ಅಹಲ್ಯಾ ಅವರಿಗೆ ನಮಸ್ಕಾರ.

ನೀವು ದೆಹಲಿ ಬಿಟ್ಟು ಮೈಸೂರಿನ ತಂಗಿಯ ಮನೆ ಸೇರಿ ಎರಡೂವರೆ ತಿಂಗಳಾಯಿತು. ಫೋನಿನಲ್ಲಿ ನಾನು ಕಿರುಚುತ್ತೇನೆ, ನೀವು ಹೇಳಿದ್ದು ನನಗೆ ಅರ್ಧ ಕೇಳುತ್ತದೆ. ಮೂವತ್ತು ವರ್ಷ ಫಿರಂಗಿಗಳ ಪಕ್ಕ ನಿಂತವನ ಕಿವಿ ಇನ್ನೇನಾದೀತು? ಆದ್ದರಿಂದ ಕಾಗದ.

ಸುದ್ದಿ ಒಂದೇ, ಆದರೆ ದೊಡ್ಡದು. ಧೌಲಾಖೇಡಾದ ಆ ಕೊನೆಯ ಜಮೀನಿನ ಪಟ್ಟಿ ನಮ್ಮದಾಯಿತು. ಶುಕ್ರವಾರ ತಹಸೀಲು ಕಚೇರಿಯಲ್ಲಿ ನೋಂದಣಿ ಮುಗಿಯಿತು. ಟಾರು ರಸ್ತೆಯಿಂದ ಬೆಟ್ಟ ಹತ್ತುವ ಕಾಲುದಾರಿಯ ಮೊದಲ ಇನ್ನೂರು ಗಜ ಇರುವುದು ಆ ಪಟ್ಟಿಯಲ್ಲೇ. ಅದು ಯಾವನೋ ಫಾರ್ಮ್‌ಹೌಸಿನವನ ಕೈಗೆ ಹೋಗಿದ್ದರೆ ನಮ್ಮ ಧೌ ಟ್ರಸ್ಟು ಮೂರು ವರ್ಷದಿಂದ ತುಂಡುತುಂಡಾಗಿ ಕೊಂಡ ಬೆಟ್ಟವೆಲ್ಲ ಗೋಡೆಯ ಆಚೆಗೆ ಉಳಿಯುತ್ತಿತ್ತು. ಹಳ್ಳಿಯ ಹೆಂಗಸರು ಬನಿಗೆ, ಅಂದರೆ ಅವರ ಬಾಬಾನ ತೋಪಿಗೆ, ಹೋಗುವಂತಿರಲಿಲ್ಲ, ಭಾನುವಾರ ನಡೆಯಲು ಬರುವ ದೆಹಲಿಯ ಜನರೂ ಹೋಗುವಂತಿರಲಿಲ್ಲ. ಬನಿಯನ್ನು ನೋಡಿದಾಗಲೆಲ್ಲ ನನಗೆ ನಮ್ಮ ಕೊಡಗಿನ ದೇವರಕಾಡು ನೆನಪಾಗುತ್ತದೆ. ಬಾಬಾನ ಹೆಸರಿನಲ್ಲಿ ಯಾರೂ ಕೊಡಲಿ ಹಾಕದ ಆ ಧೌ ಮರಗಳು, ಅವುಗಳ ಬುಡದಲ್ಲಿ ಬೇಸಿಗೆಯಲ್ಲೂ ಒಣಗದ ಒರತೆ. ನಿಮ್ಮ ಯಜಮಾನರು ಇಂದುಶೇಖರರು ಅಲ್ಲಿ ಮಂಡಿಯೂರಿ ಕೂತು ಎಲೆ ಎಣಿಸುತ್ತಿದ್ದ ಜಾಗ ನನಗೆ ಈಗಲೂ ಗೊತ್ತು.

ಮಾರಿದವಳು ಭರಪಾಯಿ ಎಂಬ ವಿಧವೆ. ಏಳನೆಯ ಹೆಣ್ಣಾಗಿ ಹುಟ್ಟಿದ್ದಕ್ಕೆ ಆ ಹೆಸರು. ನಮ್ಮ ಕಡೆ ಸಾಕಮ್ಮ ಅಂತ ಇಡುತ್ತಾರಲ್ಲ, ಹಾಗೆ. ದಲ್ಲಾಳಿಗಳು ನಮಗಿಂತ ಹೆಚ್ಚು ಕೊಡುತ್ತೇವೆಂದು ಅವಳ ಬಾಗಿಲು ಸವೆಸಿದ್ದರು. ಅವಳು ನಮಗೇ ಕೊಟ್ಟಳು. ಒಂದೇ ಷರತ್ತು, ಹಾದಿ ಎಂದಿಗೂ ಮುಚ್ಚಬಾರದು. ಪಟವಾರಿಯ, ಅಂದರೆ ಇಲ್ಲಿನ ಶಾನುಭೋಗನ, ನಕ್ಷೆಯಲ್ಲಿ ಆ ಹಾದಿಯೇ ಇಲ್ಲ. ಇಡೀ ಬೆಟ್ಟಕ್ಕೆ ದಾಖಲೆಯಲ್ಲಿ ಇರುವುದು 'ಗೈರ್ ಮುಮ್ಕಿನ್ ಪಹಾಡ್' ಎಂಬ ಒಂದೇ ಮಾತು, ಅಂದರೆ ಉಳಲು ಆಗದ ಬೆಟ್ಟ. ಅವಳು ನನ್ನ ಮುಖ ನೋಡಿದಳು. ಇದು ಫೌಜಿಯ ಮಾತು, ಹಾದಿ ತೆರೆದೇ ಇರುತ್ತದೆ ಎಂದೆ. ಹೆಬ್ಬೆಟ್ಟು ಒತ್ತಿದಳು.

ಟ್ರಸ್ಟಿಗಳಾದ ನಾವು ಮೂವರಲ್ಲಿ ಇಬ್ಬರ ಸಹಿ ಸಾಕೆಂದು ನಿಯಮ ಮಾಡಿಕೊಂಡದ್ದು ಒಳ್ಳೆಯದಾಯಿತು. ನಾನೂ ಕಾರ್ಯದರ್ಶಿ ಶ್ರೀವತ್ಸನೂ ಸಹಿ ಹಾಕಿದೆವು. ನಿಮ್ಮ ಹಳೆಯ ವಿದ್ಯಾರ್ಥಿ ಬಹಳ ಚುರುಕು. ಅವನಿಲ್ಲದಿದ್ದರೆ ಆ ಕಚೇರಿಯಲ್ಲಿ ಇನ್ನೂ ಬೆಂಚಿನ ಮೇಲೆ ಕೂತಿರುತ್ತಿದ್ದೆ.

ನಿಮ್ಮ ವಿಶ್ವಾಸಿ,
ಚಂಗಪ್ಪ


ಮೈಸೂರು
2 ಮಾರ್ಚ್ 2005

ಕರ್ನಲ್ ಚಂಗಪ್ಪನವರಿಗೆ ವಂದನೆಗಳು.

ನಿಮ್ಮ ಕಾಗದವನ್ನು ತಂಗಿಗೆ ಓದಿ ಹೇಳಿದೆ. ಅವಳಿಗೆ ಅರವಳಿ ಎಂದರೆ ಶಾಲೆಯ ಭೂಗೋಳದ ಒಂದು ಗೆರೆ ಅಷ್ಟೆ. ನಾನು ಒಬ್ಬಳೇ ಸಂತೋಷಪಟ್ಟೆ. ಇಂದುಶೇಖರ್ ಇದ್ದಿದ್ದರೆ ಅವತ್ತೇ ಸರೋಜಿನಿ ನಗರದಿಂದ ಹೊರಟು ಬಸ್ಸು ಬದಲಾಯಿಸಿ ಧೌಲಾಖೇಡಾ ಮುಟ್ಟುತ್ತಿದ್ದರು. ಸರ್ಕಾರಿ ಕೆಲಸದ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅವರಿಗೆ ನಿಜವಾಗಿ ಹಿಡಿಸಿದ ಜಾಗ ಅದೊಂದೇ. ಅವರು ಒತ್ತಿಟ್ಟ ಗಿಡಗಳ ಹಾಳೆಗಳು ಎರಡು ಟ್ರಂಕುಗಳಲ್ಲಿ ನನ್ನ ಮಂಚದ ಕೆಳಗಿವೆ. ಯಾವ ಸಂಸ್ಥೆಯೂ ಬೇಕೆನ್ನಲಿಲ್ಲ. ಇಲ್ಲಿನ ತೇವಕ್ಕೆ ಹುಳ ಬೀಳುತ್ತಿದೆ. ವಾರಕ್ಕೊಮ್ಮೆ ಬಿಸಿಲಿಗೆ ಹರಡುತ್ತೇನೆ.

ಒಂದು ಮಾತು ಕೇಳಬೇಕು. ಹಾದಿಯ ವಿಷಯ ಪತ್ರದಲ್ಲಿ ಏಕೆ ಬರೆಸಲಿಲ್ಲ? ಭರಪಾಯಿ ಕೇಳಲಿಲ್ಲವೇ?

ಅಹಲ್ಯಾ


ದ್ವಾರಕಾ
20 ಮಾರ್ಚ್ 2005

ಅಹಲ್ಯಾ ಅವರಿಗೆ,

ಕೇಳಿದಳು. ಎರಡು ಸಲ ಕೇಳಿದಳು. ಕ್ರಯಪತ್ರದಲ್ಲಿ ಹಾಗೊಂದು ಹಕ್ಕು ಬರೆದರೆ ಜಮೀನಿನ ಮೇಲೆ ಟ್ರಸ್ಟಿನ ಹಿಡಿತ ಸಡಿಲವಾಗುತ್ತದೆ, ನಾಳೆ ಯಾರು ಬೇಕಾದರೂ ಟ್ರ್ಯಾಕ್ಟರ್ ನುಗ್ಗಿಸಬಹುದು ಎಂದು ಶ್ರೀವತ್ಸ ಹೇಳಿದ. ನನಗೂ ಸರಿ ಅನ್ನಿಸಿತು. ಅಲ್ಲದೆ ಓದಲು ಬಾರದವಳಿಗೆ ಕಾಗದದಿಂದ ಏನು ಪ್ರಯೋಜನ? ಅವಳಿಗೆ ನನ್ನ ಮುಖ ಸಾಕು. ಹಾದಿ ಊರಿಗೆ ಸದಾ ತೆರೆದಿರುತ್ತದೆಂದು ಟ್ರಸ್ಟಿನ ಅಧ್ಯಕ್ಷನಾಗಿ ನಾನು ಮಾತು ಕೊಟ್ಟಿದ್ದೇನೆ. ನೀವು ನಿಶ್ಚಿಂತರಾಗಿರಿ.

ಧೌ ಮರಗಳು ಎಲೆ ಉದುರಿಸಿ ಬೋಳಾಗಿವೆ. ಮೊನ್ನೆ ಬನಿಯ ಹತ್ತಿರ ಕತ್ತೆಕಿರುಬದ ಹೆಜ್ಜೆ ಕಂಡೆ.

ಚಂಗಪ್ಪ


ದ್ವಾರಕಾ
16 ಏಪ್ರಿಲ್ 2006

ಅಹಲ್ಯಾ ಅವರಿಗೆ,

ಹದಿನೈದು ದಿನದ ಹಿಂದೆ ನಿಮ್ಮ ಮನೆಯಲ್ಲಿ ಕಾಫಿ ಕುಡಿದು ಹೊರಟವನು ಇಂಥ ಕಾಗದ ಬರೆಯುತ್ತೇನೆಂದು ಎಣಿಸಿರಲಿಲ್ಲ. ಅಣ್ಣ ಮಾಚಯ್ಯನ ಕಾಯಿಲೆ, ಸಾವು, ಕರ್ಮಾಂತರ ಎಂದು ಮೂರು ತಿಂಗಳು ವಿರಾಜಪೇಟೆಯಲ್ಲಿ ಉಳಿದೆ. ಅಷ್ಟರಲ್ಲಿ ಇಲ್ಲಿ ಎಲ್ಲ ಮುಗಿದಿದೆ.

ಇವತ್ತು ಬೆಳಿಗ್ಗೆ ಧೌಲಾಖೇಡಾಕ್ಕೆ ಹೋದೆ. ಭರಪಾಯಿಯ ಪಟ್ಟಿಯ ಸುತ್ತ ಎರಡಾಳೆತ್ತರದ ಸಿಮೆಂಟು ಹಲಗೆಗಳ ಗೋಡೆ, ಅದರ ಮೇಲೆ ಮುಳ್ಳುತಂತಿ, ಮುಂದೆ ಕಬ್ಬಿಣದ ಗೇಟು. ಕಾವಲುಗಾರ ಯಾರು ಬೇಕೆಂದು ಕೇಳಿದ. ಟ್ರಸ್ಟಿನ ಅಧ್ಯಕ್ಷ ಎಂದೆ. ಟ್ರಸ್ಟಿನ ಜಮೀನು ಹಿಂದುಗಡೆ ಇದೆ ಸಾಬ್, ಇದು ಕಂಪನಿಯದು ಎಂದ. ಗೇಟಿನ ಸಂದಿಯಿಂದ ನೋಡಿದೆ. ಕಾಲುದಾರಿ ಇದ್ದ ಕಡೆ ಮೂವತ್ತು ಅಡಿ ಅಗಲದ ರಸ್ತೆ ಕಡಿದಿದ್ದಾರೆ. ಧೌ ಮರಗಳನ್ನು ಯಂತ್ರ ಹಚ್ಚಿ ಎಳೆದು ಒಂದು ಮೂಲೆಗೆ ರಾಶಿ ಹಾಕಿದ್ದಾರೆ. ಬೇರುಗಳು ಬಂಡೆಯ ಚೂರುಗಳನ್ನು ಇನ್ನೂ ಹಿಡಿದುಕೊಂಡೇ ಬಿದ್ದಿವೆ. ಗೋಡೆಗೆ ಒತ್ತಿ ಕಟ್ಟಿರುವ ಕೂಲಿಗಳ ಕಕ್ಕಸಿನ ನೀರು ಇಳಿಜಾರಿನಲ್ಲಿ ಹರಿದು ಬನಿಯ ತಗ್ಗಿನಲ್ಲಿರುವ ಒರತೆಯ ಕಡೆಗೆ ಹೋಗುತ್ತಿದೆ.

ಹುಲ್ಲಿನ ಹೊರೆ ಹೊತ್ತ ಹೆಂಗಸರು ಹೆದ್ದಾರಿಯ ಅಂಚಿನಲ್ಲಿ ಲಾರಿಗಳ ಪಕ್ಕ ಬರುತ್ತಿದ್ದರು. ಬೆಟ್ಟ ಸುತ್ತಿ ನಾಲ್ಕು ಕಿಲೋಮೀಟರ್. ಅವರಲ್ಲಿ ಭರಪಾಯಿಯೂ ಇದ್ದಳು. ನಾನು ಕೈಮುಗಿದೆ. ಅವಳು ಹೊರೆ ಇಳಿಸಲಿಲ್ಲ, ಬೈಯಲಿಲ್ಲ. ನನ್ನ ಬೂಟಿನ ಮುಂದೆ ಉಗಿದು ಮುಂದಕ್ಕೆ ಹೋದಳು.

ಮನೆಗೆ ಬಂದು ಬೂಟು ಬಿಚ್ಚಿ ಕೂತವನು ಊಟ ಮಾಡಿಲ್ಲ. ಶ್ರೀವತ್ಸ ಊರಲ್ಲಿಲ್ಲವಂತೆ. ಜಮೀನು ಕಂಪನಿಗೆ ಹೇಗೆ ಹೋಯಿತು? ನಿಮಗೇನಾದರೂ ತಿಳಿದಿದೆಯೇ?

ಚಂಗಪ್ಪ


ಮೈಸೂರು
6 ಮೇ 2006

ಕರ್ನಲ್ ಸಾಹೇಬರಿಗೆ,

ನಿಮ್ಮ ಕಾಗದ ಓದಿ ಮನಸ್ಸಿಗೆ ತುಂಬ ಕಷ್ಟವಾಯಿತು. ಇಷ್ಟು ದೂರದಲ್ಲಿ ಕೂತವಳಿಗೆ ಅಲ್ಲಿನ ವ್ಯವಹಾರ ಎಷ್ಟು ತಿಳಿದೀತು? ಶ್ರೀವತ್ಸನನ್ನೇ ಕೇಳುವುದು ಒಳ್ಳೆಯದು. ನೀವು ಸಿಟ್ಟಿನಲ್ಲಿ ಏನೂ ಮಾಡಬೇಡಿ. ಅಣ್ಣನನ್ನು ಕಳೆದುಕೊಂಡು ಬಂದಿದ್ದೀರಿ, ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಿ.

ಇಲ್ಲಿ ಮುಂಗಾರು ಪೂರ್ವದ ಮಳೆ ಒಂದೆರಡು ಬಿತ್ತು. ತಂಗಿಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆಗಬೇಕಿದೆ.

ಅಹಲ್ಯಾ


ದ್ವಾರಕಾ
25 ಜೂನ್ 2006

ಅಹಲ್ಯಾ ಅವರಿಗೆ,

ಕೊನೆಗೂ ಶ್ರೀವತ್ಸ ಸಿಕ್ಕಿದ. ಹೌಜ್ ಖಾಸಿನ ಅವನ ಮನೆಗೇ ಹೋದೆ. ಬಿಳಿ ಗೋಡೆ, ಬಿಳಿ ಸೋಫಾ, ಗಾಜಿನ ಮೇಜಿನ ಮೇಲೆ ಗಾಜಿನ ಲೋಟದಲ್ಲಿ ಹಸಿರು ಚಹಾ. ಅವನು ಒಂದಿಷ್ಟೂ ಅಳುಕಲಿಲ್ಲ. ನನ್ನ ಅಣ್ಣನ ಬಗ್ಗೆ ಕೇಳಿದ, ಕಿವಿಯ ಯಂತ್ರದ ಬಗ್ಗೆ ವಿಚಾರಿಸಿದ. ಆಮೇಲೆ ನಕ್ಷೆ ಹರಡಿದ. ರಸ್ತೆ ಪಕ್ಕದ ಭರಪಾಯಿಯ ಪಟ್ಟಿಯನ್ನು ಕಂಪನಿಗೆ ಕೊಟ್ಟು, ಬದಲಿಗೆ ಬೆಟ್ಟದ ಹಿಂದೆ ಅದರ ಎರಡರಷ್ಟು ಕಾಡನ್ನು ಟ್ರಸ್ಟು ಪಡೆದಿದೆಯಂತೆ. ಹಿಂದಿನ ಆ ಕಾಡು ಬರೀ ಕಡಿದಾದ ಬಂಡೆ. ಅಲ್ಲಿ ಯಾರೂ ಯಾವ ಕಾಲಕ್ಕೂ ಮನೆ ಕಟ್ಟಲಾರರು. "ಸರ್, ಒಂದಕ್ಕೆ ಎರಡು. ಕಾಡಿನ ದೃಷ್ಟಿಯಿಂದ ನೋಡಿ" ಎಂದ. ಹಾದಿ ಎಂದೆ. "ಹಾದಿ ಅನ್ನೋದು ಭಾವನೆ ಸರ್. ಅದು ಯಾವ ದಾಖಲೆಯಲ್ಲೂ ಇಲ್ಲ" ಎಂದ.

ನಾನು ಮಾತು ಕೊಟ್ಟಾಗ ನೀನು ಪಕ್ಕದಲ್ಲೇ ನಿಂತಿದ್ದೆಯಲ್ಲೋ ಎಂದು ಕೇಳಿದೆ. ಅವನು ಮುಗುಳ್ನಕ್ಕು ನನಗೆ ಇನ್ನಷ್ಟು ಚಹಾ ಸುರಿದ. ಅದನ್ನು ಮೇಜಿನ ಮೇಲೇ ಬಿಟ್ಟೆ. ಎದ್ದು ಹೊರಗೆ ಬಂದೆ.

ಇದರ ಜೊತೆ ಕಂಪನಿಯ ಜಾಹೀರಾತು ಪುಸ್ತಿಕೆಯ ಒಂದು ಹಾಳೆ ಇಟ್ಟಿದ್ದೇನೆ. ಪುಸ್ತಿಕೆ ದೆಹಲಿಯ ಒಳ್ಳೆಯ ಮನೆಗಳಿಗೆಲ್ಲ ಹೋಗಿದೆ. 'ನಿಮ್ಮ ಹಿತ್ತಲಲ್ಲಿ ನಿಮ್ಮದೇ ಕಾಡು. ಟ್ರಸ್ಟೊಂದರ ರಕ್ಷಣೆಯಲ್ಲಿ, ನಿವಾಸಿಗಳಿಗೆ ಮಾತ್ರ ಪ್ರವೇಶ.' ಕೆಳಗೆ ನಮ್ಮ ಬನಿಯ ಚಿತ್ರ. ಅಂದರೆ ನಾವು ಮೂರು ವರ್ಷ ಬೆಟ್ಟ ಕೊಂಡದ್ದು ಇವರ ಬಂಗಲೆಗಳಿಗೆ ಹಿತ್ತಲು ಮಾಡಿಕೊಡಲಿಕ್ಕೆ. ನಮ್ಮ ಭಾನುವಾರದ ನಡಿಗೆಗೆ ಬರುತ್ತಿದ್ದ ಇಬ್ಬರು ಆಗಲೇ ಮನೆ ಕಾದಿರಿಸಿದ್ದಾರೆ. ಒಬ್ಬರು ನನಗೆ ಫೋನು ಮಾಡಿ ಸಂತೋಷ ಹಂಚಿಕೊಂಡರು. ಕಳ್ಳರನ್ನು ಕಂಡರೆ ನನಗೆ ಕೋಪ ಬರುತ್ತದೆ, ಅಷ್ಟೆ. ಈ ಸಭ್ಯರ ಜೊತೆ ಮಾತಾಡಿದ ಮೇಲೆ ಕೈ ತೊಳೆದುಕೊಂಡೆ.

ಅದಲುಬದಲಿನ ನಿರ್ಣಯದ ಮೇಲೆ ಎರಡು ಸಹಿ ಇವೆ. ಅವನದು, ನಿಮ್ಮದು. ನಿಮ್ಮ ಸಹಿ ಕಂಡಾಗ ನನಗೆ ಪಾಪ ಅನ್ನಿಸಿತು. ಯಾವುದೋ ಕಾಗದಗಳ ಮಧ್ಯೆ ಇದನ್ನೂ ಸೇರಿಸಿ ಕಳಿಸಿ ಸಹಿ ಹಾಕಿಸಿಕೊಂಡಿದ್ದಾನೆ. ಊರಿನವರ ಪರವಾಗಿ ಧಾರಿಣಿ ಎಂಬ ವಕೀಲೆ ದಾವೆ ಹೂಡುತ್ತಿದ್ದಾಳೆ. ದಾವಣಗೆರೆಯ ಹುಡುಗಿ, ಇಲ್ಲೇ ಓದಿದವಳು. ಭರಪಾಯಿಯ ಮುಂದೆ ನೆಲದ ಮೇಲೆ ಕೂತು ಎರಡು ಗಂಟೆ ಅವಳ ಮಾತು ಕೇಳಿದಳು. ವಿಷಯ ತಿಳಿಯದೆ ಸಹಿ ಹಾಕಿದೆ ಎಂದು ನೀವೊಂದು ಅಫಿಡವಿಟ್ ಕೊಟ್ಟರೆ ಆ ಅದಲುಬದಲು ನಿಲ್ಲುವುದಿಲ್ಲ ಎನ್ನುತ್ತಾಳೆ. ಕರಡು ಲಗತ್ತಿಸಿದ್ದೇನೆ. ಸಹಿ ಮಾಡಿ ಕಳಿಸಿ.

ಚಂಗಪ್ಪ


ಮೈಸೂರು
10 ಜುಲೈ 2006

ಕರ್ನಲ್ ಸಾಹೇಬರಿಗೆ,

ಕರಡು ತಲುಪಿದೆ. ತಂಗಿಯ ಕಣ್ಣಿನ ಓಡಾಟದಲ್ಲಿದ್ದೇನೆ. ದಯವಿಟ್ಟು ಸ್ವಲ್ಪ ಸಮಯ ಕೊಡಿ.

ಅಹಲ್ಯಾ


ಮೈಸೂರು
3 ಸೆಪ್ಟೆಂಬರ್ 2006

ಚಂಗಪ್ಪನವರೇ,

ನೀವು ಕಳಿಸಿದ ಕರಡಿಗೆ ಸಹಿ ಹಾಕಲಾರೆ. ಅದು ಸುಳ್ಳು.

ನಾನು ಓದಿದೆ. ಎರಡು ಸಲ ಓದಿದೆ. ಕಾಗದಗಳ ಮಧ್ಯೆ ಯಾರೂ ಏನನ್ನೂ ಬಚ್ಚಿಟ್ಟಿರಲಿಲ್ಲ. ಫೆಬ್ರುವರಿಯಲ್ಲಿ ಶ್ರೀವತ್ಸ ತಾನೇ ಮೈಸೂರಿಗೆ ಬಂದಿದ್ದ. ಊಟಕ್ಕೆ ಕೂತ. ಮಂಚದ ಕೆಳಗಿನ ಟ್ರಂಕು ತೆಗೆಸಿ ಹಾಳೆಗಳನ್ನು ಒಂದೊಂದೇ ನೋಡಿದ. ಇಂದುಶೇಖರ್ ಸತ್ತ ಮೇಲೆ ಅವುಗಳನ್ನು ಹಾಗೆ ನೋಡಿದವನು ಅವನೊಬ್ಬನೇ. ಆಮೇಲೆ ಬಣ್ಣದ ಒಂದು ಚಿತ್ರ ತೆಗೆದ. ಗೇಟಿನ ಪಕ್ಕ ಕಂಪನಿ ಕಟ್ಟಿಸಿಕೊಡುವ ಕಟ್ಟಡ. ಅದರೊಳಗೆ ಗಾಜಿನ ಪೆಟ್ಟಿಗೆಗಳಲ್ಲಿ ಈ ಹಾಳೆಗಳು. ಹೊರಗೆ ದೊಡ್ಡ ಅಕ್ಷರಗಳಲ್ಲಿ 'ಇಂದುಶೇಖರ ಪ್ರಕೃತಿ ಕೇಂದ್ರ'.

ಇಂದುಶೇಖರ್ ತೀರಿಕೊಂಡಾಗ ಇಲಾಖೆಯಿಂದ ಬಂದವರು ನಾಲ್ಕು ಜನ. ಒಬ್ಬರಿಗೆ ಅವರ ಹೆಸರೇ ಸರಿಯಾಗಿ ಬರಲಿಲ್ಲ, ಚಂದ್ರಶೇಖರ್ ಎಂದರು. ನಾನು ಅದನ್ನು ತಿದ್ದಲಿಲ್ಲ. ಆ ಚಿತ್ರ ನೋಡುವಾಗ ನನಗೆ ಅದೇ ನೆನಪಿಗೆ ಬಂತು.

ಹಾದಿ ಏನಾಗುತ್ತದೆ ಎಂದು ಕೇಳಿದೆ. ಕೇಳಲಿಲ್ಲವೆಂದು ಹೇಳಿಕೊಳ್ಳುವ ಭಾಗ್ಯವೂ ನನಗಿಲ್ಲ. "ಪರ್ಯಾಯ ವ್ಯವಸ್ಥೆ ಮಾಡ್ತಾರೆ ಮೇಡಂ" ಎಂದ. ಆ ಮಾತಿನ ಅರ್ಥ ನನಗೆ ಗೊತ್ತಿತ್ತು. ನಮ್ಮ ಕ್ವಾರ್ಟರ್ಸಿನ ಹಿಂದಿದ್ದ ಗುಡಿಸಲುಗಳನ್ನು ಕೀಳಿಸಿದಾಗಲೂ ಅದನ್ನೇ ಹೇಳಿದ್ದರು. ನಮ್ಮ ಮನೆಗೆಲಸದವಳು ಆಮೇಲೆ ಮೂರು ಬಸ್ಸು ಹತ್ತಿ ಬರುತ್ತಿದ್ದಳು. ಗೊತ್ತಿದ್ದೂ ಪೆನ್ನು ತೆಗೆದುಕೊಂಡೆ.

ಏಪ್ರಿಲಿನಲ್ಲಿ ನೀವು ಬಂದಾಗ, ಅಣ್ಣನ ಸಾವಿನ ಬಗ್ಗೆ ಹೇಳಿ ಕಣ್ಣು ಒರೆಸಿಕೊಂಡಾಗ, ಹೇಳಿಬಿಡಬೇಕೆಂದು ನಾಲಿಗೆಯ ತುದಿಗೆ ಬಂತು. ಬದಲಿಗೆ ಎರಡನೆಯ ಲೋಟ ಕಾಫಿ ಕೊಟ್ಟೆ. ನೀವು ನನ್ನನ್ನು ಮೋಸಹೋದ ಮುದುಕಿ ಎಂದು ತಿಳಿದು ಕರುಣೆಯಿಂದ ಬರೆದ ಕಾಗದವನ್ನು ಈ ಎರಡು ತಿಂಗಳಲ್ಲಿ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಆ ಕರುಣೆ ಬಹಳ ಅನುಕೂಲವಾಗಿತ್ತು. ಅದರೊಳಗೆ ಸದ್ದಿಲ್ಲದೆ ಕೂತುಬಿಡಬಹುದಿತ್ತು. ನನ್ನ ಬಗ್ಗೆ ನನಗೆ ಎಷ್ಟು ಅಸಹ್ಯವಾಗಿದೆ ಎಂದರೆ, ಹಾಳೆಗಳನ್ನು ಬಿಸಿಲಿಗೆ ಹರಡುವುದನ್ನೂ ಬಿಟ್ಟಿದ್ದೇನೆ.

ಸುಳ್ಳು ಬರೆದುಕೊಡಲಾರೆ. ಸತ್ಯ ಬೇಕಾದರೆ ಬರೆದುಕೊಡುತ್ತೇನೆ, ಬಂದೂ ಹೇಳುತ್ತೇನೆ. ಅದರಿಂದ ದಾವೆಗೆ ಲಾಭವೋ ನಷ್ಟವೋ ಧಾರಿಣಿಯನ್ನು ಕೇಳಿ.

ಅಹಲ್ಯಾ


ದ್ವಾರಕಾ
15 ಸೆಪ್ಟೆಂಬರ್ 2006

ನಿಮ್ಮ ಪತ್ರ ತಲುಪಿದೆ.

ಚಂಗಪ್ಪ


ದ್ವಾರಕಾ
21 ಜನವರಿ 2007

ಶ್ರೀಮತಿ ಅಹಲ್ಯಾ ಅವರಿಗೆ,

ನಾಲ್ಕು ತಿಂಗಳು ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಕೆಟ್ಟ ಮಾತುಗಳೇ ಬರುತ್ತಿದ್ದವು. ನಿಮ್ಮ ಮನೆಯ ಕಾಫಿಯ ರುಚಿ ಬಾಯಿಗೆ ಬಂದ ಹಾಗಾಗಿ ಎದ್ದುಬಿಡುತ್ತಿದ್ದೆ.

ಈಗ ಕೆಲಸದ ಮಾತು. ನಿಮ್ಮ ಪತ್ರವನ್ನು ಧಾರಿಣಿಗೆ ತೋರಿಸಿದೆ. ನೀವು ಹೇಳುವ ಸತ್ಯ ಸುಳ್ಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದಂತೆ. ಹಾದಿಯ ವಿಷಯದಲ್ಲಿ ಕರಾರು ಇತ್ತು ಎಂಬುದು ಅದಲುಬದಲಿಗೆ ಮೊದಲೇ ಟ್ರಸ್ಟಿಗಳಿಗೆಲ್ಲ ಗೊತ್ತಿತ್ತು ಎಂದು ಸಾಬೀತಾದರೆ, ಅಂಥ ಹಾದಿಯೇ ಇರಲಿಲ್ಲ ಎಂಬ ಕಂಪನಿಯ ವಾದ ಕುಸಿಯುತ್ತದೆ. ಅವಳು ಕೇಳಿದಳು, ಆ ಮಾತು ಬರಹದಲ್ಲಿ ಎಲ್ಲಾದರೂ ಇದೆಯೇ ಎಂದು. ಇಲ್ಲವೆಂದೆ. ಆಮೇಲೆ ನೆನಪಾಯಿತು. 20 ಮಾರ್ಚ್ 2005ರಂದು ನಾನು ನಿಮಗೆ ಬರೆದ ಕಾಗದದಲ್ಲಿದೆ. ಅಧ್ಯಕ್ಷನಾಗಿ ಮಾತು ಕೊಟ್ಟಿದ್ದೇನೆ ಎಂದು ನನ್ನ ಕೈಯಲ್ಲೇ ಬರೆದಿದ್ದೇನೆ.

ಅದೇ ಕಾಗದದಲ್ಲಿ ಇನ್ನೇನು ಬರೆದಿದ್ದೇನೆ ಎಂಬುದೂ ನನಗೆ ಗೊತ್ತಿದೆ. ಅದನ್ನು ತೆರೆದ ನ್ಯಾಯಾಲಯದಲ್ಲಿ ಓದುತ್ತಾರೆ, ಭರಪಾಯಿ ಅಲ್ಲಿರುತ್ತಾಳೆ. ಇಟ್ಟುಕೊಂಡಿದ್ದೀರಾ? ಇದ್ದರೆ ತನ್ನಿ. ಮಾರ್ಚ್ ಹದಿನಾಲ್ಕಕ್ಕೆ ವಿಚಾರಣೆ.

ಚಂಗಪ್ಪ


ಮೈಸೂರು
2 ಫೆಬ್ರುವರಿ 2007

ಇಟ್ಟುಕೊಂಡಿದ್ದೇನೆ. ಬರುತ್ತೇನೆ. ಸರೋಜಿನಿ ನಗರದಲ್ಲಿ ನನ್ನ ಹಳೆಯ ಸಹೋದ್ಯೋಗಿ ಶಾರದಾ ಇದ್ದಾರೆ, ಅಲ್ಲೇ ಇಳಿದುಕೊಳ್ಳುತ್ತೇನೆ. ನೀವು ನಿಲ್ದಾಣಕ್ಕೆ ಬರುವುದು ಬೇಡ.

ಅಹಲ್ಯಾ


ಮೈಸೂರು
1 ಏಪ್ರಿಲ್ 2007

ಚಂಗಪ್ಪನವರಿಗೆ,

ನ್ಯಾಯಾಲಯದ ಹೊರಗಿನ ಬೆಂಚಿನ ಮೇಲೆ ಒಂದು ಗಂಟೆ ಅಕ್ಕಪಕ್ಕ ಕೂತಿದ್ದರೂ ನಾವು ಮಾತಾಡಲಿಲ್ಲ. ಆದ್ದರಿಂದ ನಿಮಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಆದರೆ ಅದನ್ನು ನಾನು ಕಂಡ ಬಗೆ ನಿಮಗೆ ಗೊತ್ತಿರಲಾರದು.

ನನ್ನ ಸರದಿ ಬೇಗ ಮುಗಿಯಿತು. ಹಾದಿಯ ಮಾತು ತಿಳಿದಿತ್ತೇ ಎಂದರು. ತಿಳಿದಿತ್ತು ಎಂದೆ. ಹಾಗಾದರೆ ಏಕೆ ಸಹಿ ಹಾಕಿದಿರಿ ಎಂದರು. ಗಂಡನ ಹೆಸರಿನ ಆಸೆಗೆ ಎಂದೆ. ಶ್ರೀವತ್ಸ ಎರಡನೆಯ ಸಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ. ನಾನು ಪರೀಕ್ಷೆಯಲ್ಲಿ ಉತ್ತರ ತಪ್ಪು ಬರೆದೆ ಎಂಬಂಥ ನೋಟ. ಹೊರಗೆ ಬಂದಾಗ ಕಾಲು ಮುಟ್ಟಿ ನಮಸ್ಕಾರ ಮಾಡಲು ಬಗ್ಗಿದ. ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ. ಮೂವತ್ತು ವರ್ಷ ಪಾಠ ಮಾಡಿದವಳು ಯಾವ ವಿದ್ಯಾರ್ಥಿಯ ಮುಂದೆಯೂ ಹಾಗೆ ಮಾಡಿರಲಿಲ್ಲ.

ಆಮೇಲೆ ನಿಮ್ಮ ಕಾಗದ ಓದಿದರು. ಅದನ್ನು ಕನ್ನಡದಿಂದ ಹಿಂದಿಗೆ ಅನುವಾದಿಸಲು ಕರೆಸಿದ್ದ ಮೇಷ್ಟ್ರು 'ಓದಲು ಬಾರದವಳಿಗೆ' ಎಂಬಲ್ಲಿಗೆ ಬಂದು ನಿಮ್ಮ ಕಡೆ ನೋಡಿ ತಡೆದರು. ಕಂಪನಿಯ ವಕೀಲರು ಆ ಸಾಲನ್ನು ಎರಡು ಸಲ ಹೇಳಿಸಿದರು. ಹಿಂದಿನ ಬೆಂಚಿನಲ್ಲಿ ಭರಪಾಯಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ನೀವೇ ಬರೆದದ್ದೇ ಎಂದು ನಿಮ್ಮನ್ನು ಕೇಳಿದರು. ನಾನೇ ಎಂದಿರಿ. ಹಾಗಾದರೆ ಅದು ಬಾಯಿಮಾತು, ಕರಾರಲ್ಲ ಎಂದು ವಕೀಲರು ಹೇಳಿದಾಗ ನೀವು ಧ್ವನಿ ಎತ್ತಲಿಲ್ಲ. ನೀವು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಮಾತು ಕೊಟ್ಟದ್ದು ನಿಜ. ಬರೆಸದೆ ಬಿಟ್ಟದ್ದು ನನ್ನ ಸೊಕ್ಕು. ನನ್ನ ಸೊಕ್ಕಿಗಾಗಿ ಅವರ ಹಾದಿ ಹೋಗಬಾರದು" ಎಂದಿರಿ.

ಇನ್ನೊಂದು ವಿಷಯ ನಿಮಗೆ ತಿಳಿದಿಲ್ಲ. ಗೇಟಿನ ಪಕ್ಕ ಹಾಕಿದ ಬೋರ್ಡಿನಿಂದ ಇಂದುಶೇಖರ್ ಹೆಸರು ತೆಗೆಯಿರೆಂದು ಕಂಪನಿಗೆ ಮೂರು ಪತ್ರ ಬರೆದಿದ್ದೆ, ಉತ್ತರವಿಲ್ಲ. ವಿಚಾರಣೆಯ ಮಾರನೆಯ ದಿನ ಸರೋಜಿನಿ ನಗರದ ಅಂಗಡಿಯಲ್ಲಿ ಒಂದು ಡಬ್ಬಿ ಕಪ್ಪು ಬಣ್ಣ, ಒಂದು ಬ್ರಷ್ಷು ಕೊಂಡು ಟ್ಯಾಕ್ಸಿ ಮಾಡಿಕೊಂಡು ಧೌಲಾಖೇಡಾಕ್ಕೆ ಹೋದೆ. ಕಾವಲುಗಾರ ನನ್ನ ವಯಸ್ಸಿನವನೇ. ಮಾತಾಜಿ, ಇದಕ್ಕೆ ಅಪ್ಪಣೆ ಇಲ್ಲ ಎಂದ. ಇದು ನನ್ನ ಗಂಡನ ಹೆಸರು ಎಂದೆ. ಅವನಿಗೆ ಏನು ಅರ್ಥವಾಯಿತೋ, ಬೋರ್ಡು ನೋಡಿದ, ನನ್ನನ್ನು ನೋಡಿದ. ಮೇಲಿನ ಸಾಲು ನನಗೆ ಎಟುಕುತ್ತಿರಲಿಲ್ಲ. ತನ್ನ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು ಆಚೆಗೆ ಮುಖ ಮಾಡಿ ನಿಂತ. ಹಿಂದಿಯಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ಒಂದು ಸಲ, ಇಂದುಶೇಖರ್ ಹೆಸರನ್ನು ಅಕ್ಷರ ಅಕ್ಷರವಾಗಿ ಅಳಿಸಿದೆ. ಅವರನ್ನು ಎರಡನೆಯ ಸಲ ಸುಟ್ಟ ಹಾಗಾಯಿತು. ಸೀರೆಯೆಲ್ಲ ಬಣ್ಣ. ಕಂಪನಿಯವರು ಮತ್ತೆ ಬರೆಸುತ್ತಾರೆ, ಬರೆಸಲಿ.

ಟ್ರಸ್ಟಿನ ಉಳಿದ ಬೆಟ್ಟದಲ್ಲಿ ಹಾದಿಯ ಹಕ್ಕನ್ನು ಊರಿಗೆ ಬರೆದುಕೊಡುವ ನಿರ್ಣಯ ಕಳಿಸಿದ್ದಿರಿ. ಸಹಿ ಹಾಕಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಶ್ರೀವತ್ಸನ ಒಪ್ಪಿಗೆ ಬೇಕಿಲ್ಲ, ಇಬ್ಬರ ಸಹಿ ಸಾಕು.

ಅಹಲ್ಯಾ


ದ್ವಾರಕಾ
13 ಮೇ 2007

ಅಹಲ್ಯಾ ಅವರಿಗೆ ನಮಸ್ಕಾರ.

ಆದೇಶ ಬಂತು. ದಾವೆ ತೀರ್ಮಾನವಾಗುವವರೆಗೆ ಹಾದಿಗೆ ಅಡ್ಡಿ ಮಾಡಕೂಡದು. ಕಂಪನಿಯವರು ಗೋಡೆಯಲ್ಲಿ ಎರಡು ಹಲಗೆ ತೆಗೆದು ಆರು ಅಡಿ ಬಿಟ್ಟಿದ್ದಾರೆ. ಎರಡೂ ಪಕ್ಕ ತಂತಿ. ಆಚೆ ಅವರ ರಸ್ತೆ, ಅದರ ಪಕ್ಕ ಜಲ್ಲಿಯ ರಾಶಿ. ಕಡಿದ ಮರಗಳು ಯಾವ ಆದೇಶಕ್ಕೂ ಬರುವುದಿಲ್ಲ. ಒರತೆಯ ನೀರಿನ ಮೇಲೆ ಇನ್ನೂ ಜಿಡ್ಡಿನ ಪದರ ಇದೆ. ಮುಂಗಾರು ಬಂದರೆ ತೊಳೆದು ಹೋದೀತು ಎಂದು ಊರವರು ಹೇಳುತ್ತಾರೆ. ದಾವೆ ಇನ್ನೂ ಎಷ್ಟು ವರ್ಷವೋ, ಧಾರಿಣಿಗೂ ಗೊತ್ತಿಲ್ಲ. ಶ್ರೀವತ್ಸ ಈಗ ಬೇರೊಂದು ಬೆಟ್ಟಕ್ಕೆ ಬೇರೊಂದು ಟ್ರಸ್ಟು ಮಾಡಿದ್ದಾನಂತೆ. ಆಹ್ವಾನಪತ್ರ ನನಗೂ ಬಂದಿತ್ತು. ಕಸದ ಬುಟ್ಟಿಗೆ ಹಾಕಿ ಬುಟ್ಟಿಯನ್ನು ಬಾಗಿಲ ಹೊರಗಿಟ್ಟೆ.

ಉಳಿದ ಬೆಟ್ಟದ ಪತ್ರ ಶುಕ್ರವಾರ ನೋಂದಣಿಯಾಯಿತು. ಊರಿನ ಪರವಾಗಿ ಹೆಬ್ಬೆಟ್ಟು ಒತ್ತಲು ಭರಪಾಯಿಯನ್ನೇ ಮುಂದೆ ಮಾಡಿದ್ದರು. ಪತ್ರ ಬರೆಯುವವನಿಂದ ಮೊದಲಿನಿಂದ ಕೊನೆಯವರೆಗೆ ಮೂರು ಸಲ ಓದಿಸಿದಳು. ಮೂರನೆಯ ಸಲ ಅವನು ಒಂದು ಸಾಲು ಹಾರಿಸಿದ. ಅವಳು ಹಿಡಿದಳು.

ಇವತ್ತು ಬೆಳಿಗ್ಗೆ ಹೆಂಗಸರೆಲ್ಲ ಬನಿಗೆ ಹೊರಟರು. ನಾನೂ ಹೋಗಿದ್ದೆ. ಮುಂದೆ ನಡೆಯಲು ಧೈರ್ಯವಾಗಲಿಲ್ಲ, ಕೊನೆಯಲ್ಲಿ ನಿಂತೆ. ಭರಪಾಯಿ ಗೋಡೆಯ ಸಂದಿನ ಹತ್ತಿರ ಎಲ್ಲರನ್ನೂ ಮುಂದೆ ಬಿಟ್ಟು ನಿಂತಿದ್ದಳು. ಇಬ್ಬರೇ ಉಳಿದಾಗ, ಹೋದ ವರ್ಷದಿಂದ ಹೇಳಬೇಕೆಂದಿದ್ದುದನ್ನು ಹೇಳಿದೆ. ತಪ್ಪಾಯಿತು, ಕ್ಷಮಿಸು ಎಂದೆ. ಅವಳು ತಂತಿಗೆ ಸಿಕ್ಕ ಸೆರಗು ಬಿಡಿಸಿಕೊಂಡಳು. ಬಣ್ಣ ಹಚ್ಚಿ ಹೋದ ಆ ಅಮ್ಮ ಮತ್ತೆ ಬರುತ್ತಾಳೆಯೇ ಎಂದು ಕೇಳಿದಳು. ಊರಿಗೆಲ್ಲ ಗೊತ್ತಾಗಿದೆ. ಕಾವಲುಗಾರ ಹೇಳಿರಬೇಕು. ಗೊತ್ತಿಲ್ಲ ಎಂದೆ.

"ಬಂದರೆ ನಮ್ಮ ಮನೆಗೆ ಕರಕೊಂಡು ಬನ್ನಿ. ಅವಳಿಗೆ ಚಹಾ ಮಾಡಿಕೊಡುತ್ತೇನೆ" ಎಂದಳು.

ಸಹಿ ಹಾಕಿ ಹಾದಿಯನ್ನು ಕಂಪನಿಗೆ ಕೊಟ್ಟುಬಿಟ್ಟವಳು ಆ ಅಮ್ಮನೇ ಅಲ್ಲವೇ ಎಂದು ನನ್ನ ಬಾಯಿಗೆ ಬಂದುಬಿಟ್ಟಿತು. ಹೀಗೆ ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ಕೇಳಿದೆ.

ಭರಪಾಯಿ ನನ್ನ ಮುಖವನ್ನೇ ನೋಡಿದಳು. "ಆಕೆ ನನಗೆ ಮಾತು ಕೊಟ್ಟಿರಲಿಲ್ಲ, ಕರ್ನಲ್ ಸಾಬ್. ನೀವು ಕೊಟ್ಟಿದ್ದಿರಿ" ಎಂದಳು.

ಅಷ್ಟು ಹೇಳಿ ಹಾದಿ ಹತ್ತಿದಳು. ನಾನು ಹತ್ತು ಹೆಜ್ಜೆ ಬಿಟ್ಟು ಹಿಂದೆ ಹೋದೆ.

ನೀವು ಬನ್ನಿ. ನಾನು ಅವಳ ಮನೆಯವರೆಗೆ ದಾರಿ ತೋರಿಸಿ ಹೊರಗೆ ನಿಂತಿರುತ್ತೇನೆ.

ಚಂಗಪ್ಪ